ಯಾವ ಕೇತಲದೇವಿ?

ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಇಂದು ಅಣೆಕಟ್ಟಿಗೂ ಅದರ ಸುತ್ತಲಿನ ಕಾಡಿಗೂ ಹೆಸರಾದ ಊರು. ಆ ಹೆಸರು ಕಿವಿಗೆ ಬಿದ್ದರೆ ಸ್ಥಳೀಯ ಇತಿಹಾಸದ ಹುಚ್ಚಿರುವ ಯಾರಿಗಾದರೂ ಯಾರೋ ಒಬ್ಬ ಚಂದ್ರಮ್ಮನನ್ನು ಹುಡುಕಿ ಅದಕ್ಕೆ ಜೋಡಿಸುವ ಆಸೆ ಹುಟ್ಟುತ್ತದೆ. ಹುಡುಕಲು ದೂರ ಹೋಗಬೇಕಾಗಿಯೂ ಇಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮೆಯ ದಂಡೆಯ ಮೇಲೆ, ಚಂದ್ರಲಾಂಬೆಯೇ ಕೂತಿದ್ದಾಳೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ರಾಣಿಯರಲ್ಲಿ ಒಬ್ಬಳು ಚಂದಲದೇವಿ. ಬಿಲ್ಹಣನ ಕಾವ್ಯದಲ್ಲಿ ಚಂದ್ರಲೇಖೆಯಾಗಿ ಬರುವ ಕರಹಾಟದ ಶಿಲಾಹಾರ ರಾಜಕುಮಾರಿ ಇವಳೇ. ಆ ವಿಕ್ರಮಾದಿತ್ಯನ ತಂದೆ ಮೊದಲನೆಯ ಸೋಮೇಶ್ವರನಿಗೂ ಚಂದಲಕಬ್ಬೆ ಎಂಬ ರಾಣಿ ಇದ್ದಳು. ಅದಕ್ಕಿಂತ ಇನ್ನೂರು ವರ್ಷ ಹಿಂದೆ ಹೋದರೆ, ಇಂದಿನ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗ ಗಂಗರೊಡನೆ ಬಹುಕಾಲ ನಡೆದ ವೈರವನ್ನು ಮುಗಿಸಲು ತನ್ನ ಮಗಳನ್ನು ಗಂಗರ ಬೂತುಗನಿಗೆ ಕೊಟ್ಟ. ಆ ಮಗಳ ಹೆಸರು ಚಂದ್ರಬ್ಬಲಬ್ಬೆ. ಒಬ್ಬಳು ದೇವಿ, ಮೂವರು ಅರಮನೆಯ ಹೆಣ್ಣುಗಳು. ಯಾರನ್ನು ತಂದು ಚಂದ್ರಂಪಳ್ಳಿಗೆ ಹಚ್ಚಿದರೂ ಒಂದು ಚೆಂದದ ಸ್ಥಳಪುರಾಣ ಸಿದ್ಧವಾಗುತ್ತದೆ. ನಮ್ಮ ತಾಲ್ಲೂಕು ದರ್ಶನ, ಊರಿನ ಕೈಪಿಡಿ, ಜಾತ್ರೆಯ ಸ್ಮರಣ ಸಂಚಿಕೆಗಳಲ್ಲಿ ಇಂಥ ಜೋಡಣೆಗಳು ಧಾರಾಳವಾಗಿ ಸಿಗುತ್ತವೆ. ಇದು ಮೇಲುನೋಟಕ್ಕೆ ನಿರುಪದ್ರವಿ ಹವ್ಯಾಸ. ಆದರೆ ಹೆಸರನ್ನೇ ಸಾಕ್ಷ್ಯವೆಂದು ನಂಬುವ ಈ ಅಭ್ಯಾಸದಿಂದ ಕನ್ನಡ ನಾಡಿನ ಹಳೆಯ ಹೆಂಗಸರಿಗೆ ನಿಜವಾದ ಹಾನಿಯಾಗಿದೆ ಎಂಬುದು ನನ್ನ ವಾದ. ಆ ಕಾಲದಲ್ಲಿ ಹೆಂಗಸರಿಗೆ ಇಡುತ್ತಿದ್ದ ಹೆಸರುಗಳು ಕೆಲವೇ. ಅವೇ ಹೆಸರುಗಳು ತಲೆಮಾರು ತಲೆಮಾರಿಗೆ, ಅರಮನೆಗೂ ಕೇರಿಗೂ ಸುತ್ತುತ್ತಿದ್ದವು. ಹೀಗಿರುವಾಗ ಒಬ್ಬಳನ್ನು ಇನ್ನೊಬ್ಬಳಿಂದ ಬೇರೆ ಮಾಡಿ ತೋರಿಸುವುದು ಆಕೆಯ ಹೆಸರಲ್ಲ. ಆಕೆ ಆಳಿದ ಊರು, ಕೈಯಲ್ಲಿದ್ದ ಕಾಯಕ, ಗುರು, ಮಕ್ಕಳು, ಕಲ್ಲಿನ ಮೇಲಿನ ವರ್ಷ. ಅವನ್ನು ಬಿಟ್ಟು ಹೆಸರನ್ನು ಹಿಡಿದವರು ಗೊತ್ತಿಲ್ಲದ ಹೆಣ್ಣನ್ನು ಯಾವಾಗಲೂ ಗೊತ್ತಿರುವ ಹೆಣ್ಣಿನ ಹೊಟ್ಟೆಗೆ ಹಾಕುತ್ತಾರೆ.

ಈ ಸೀಮೆಯದೇ ಒಂದು ಕಲ್ಲಿನಿಂದ ಶುರು ಮಾಡಬಹುದು. ಚಿತ್ತಾಪುರ ತಾಲ್ಲೂಕಿನ ಇಂಗಳಗಿಯಲ್ಲಿ 1094ರ ಸುಮಾರಿನ ಒಂದು ಶಾಸನವಿದೆ. ಆಗ ಆ ಊರಿನ ಹೆಸರು ಇಂಗುಣಿಗೆ. ಅದನ್ನು ಆಳುತ್ತಿದ್ದವಳು ಆರನೆಯ ವಿಕ್ರಮಾದಿತ್ಯನ ರಾಣಿ ಜಕ್ಕಲದೇವಿ. ಆಕೆ ಕದಂಬ ಕುಲದ ತಿಕ್ಕ ಎಂಬವನ ಮಗಳು, ಜಿನಭಕ್ತೆ. ಒಬ್ಬ ವರ್ತಕ ಮಹುಮಾಣಿಕ್ಯದೇವನ ಮೂರ್ತಿಯೊಂದನ್ನು ಅರಸನ ಮುಂದೆ ತಂದಿಟ್ಟ, ಅರಸ ಅದನ್ನು ರಾಣಿಗೆ ತೋರಿಸಿ ನಿನ್ನ ಊರಿನಲ್ಲೇ ಇದನ್ನು ನಿಲ್ಲಿಸು ಎಂದ, ಆಕೆ ಇಂಗುಣಿಗೆಯಲ್ಲಿ ಅದಕ್ಕೆ ಬಸದಿಯ ವ್ಯವಸ್ಥೆ ಮಾಡಿದಳು ಎನ್ನುವ ಕಥೆಯನ್ನು ಶಾಸನ ಸಾವಧಾನವಾಗಿ ಹೇಳುತ್ತದೆ. ವರ್ತಕ ತಂದ ಸರಕನ್ನು ಕಂಡ ಗಂಡ ಹೆಂಡತಿಯ ನಂಬಿಕೆಯನ್ನು ನೆನೆದ ಈ ಸಣ್ಣ ಸಂಗತಿ, ದಾನಶಾಸನಗಳ ಸಿದ್ಧ ಹೊಗಳಿಕೆಗಳ ನಡುವೆ ಎದ್ದು ಕಾಣುತ್ತದೆ. ಅರಸ ಶೈವ ಪಕ್ಷದವನೆಂದೂ ರಾಣಿ ಜೈನಳೆಂದೂ ಬಲ್ಲವರಿಗೆ ಅದರ ರುಚಿ ಇನ್ನೂ ಹೆಚ್ಚು. ಇಷ್ಟೆಲ್ಲ ಇದ್ದರೂ ಜಕ್ಕಲದೇವಿಯ ಹೆಸರು ಎತ್ತಿದರೆ ಕನ್ನಡದ ಓದುಗನಿಗೆ ಮೊದಲು ನೆನಪಾಗುವವಳು ಇವಳಲ್ಲ, ಬಂದಣಿಕೆಯ ಜಕ್ಕಿಯಬ್ಬೆ. ಶಿಕಾರಿಪುರ ತಾಲ್ಲೂಕಿನ ಆ ಊರಿನ 911ರ ಶಾಸನ ಪಠ್ಯಪುಸ್ತಕಗಳಿಗೂ ಬಂದಿದೆ. ರಾಷ್ಟ್ರಕೂಟ ಎರಡನೆಯ ಕೃಷ್ಣ ಮಳಖೇಡದಲ್ಲಿ ಆಳುತ್ತಿದ್ದ ಕಾಲ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ನಾಗಾರ್ಜುನ ಸತ್ತಾಗ ಆ ಪದವಿ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಆಕೆ ದಕ್ಷತೆಯಿಂದ ನಾಡು ನಡೆಸಿದಳು. ರೋಗ ಬಂದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಸದಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟಳು. ಅದಾದ ಇನ್ನೂರು ವರ್ಷಕ್ಕೆ ಶ್ರವಣಬೆಳಗೊಳದಲ್ಲಿ ಮತ್ತೊಬ್ಬಳು: ಹೊಯ್ಸಳ ದಂಡನಾಯಕ ಗಂಗರಾಜನ ಅತ್ತಿಗೆ, ಬೊಪ್ಪದೇವನ ತಾಯಿ, ಶುಭಚಂದ್ರ ಸಿದ್ಧಾಂತದೇವರ ಶಿಷ್ಯೆ. ಆಕೆ ತೋಡಿಸಿದ ಕೊಳ ಜಕ್ಕಿಕಟ್ಟೆ ಎಂದೇ ಈಗಲೂ ಹೆಸರಾಗಿದೆ; ದಂಡೆಯ ಬಂಡೆಗಳ ಮೇಲೆ ಆಕೆ ಕೆತ್ತಿಸಿದ ಜಿನಬಿಂಬಗಳೂ ಉಳಿದಿವೆ.

ಮೂವರೂ ಜೈನರು, ಮೂವರೂ ಜಕ್ಕಿ. ಆ ಸಮಯದಲ್ಲಿ ಜೈನ ಮನೆಗಳಲ್ಲಿ ಯಕ್ಷಿಯ ಹೆಸರು ಇಡುವುದು ಸಾಮಾನ್ಯವಾಗಿತ್ತು, ಹಾಗಾಗಿ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯ ಬೇರೆ ಕಡೆ ಇದೆ. ಈ ಮೂವರನ್ನು ಕುರಿತು ಬರೆಯುವಾಗ ನಮ್ಮ ಲೇಖಕರು ಒಬ್ಬಳ ಗುಣವನ್ನು ಇನ್ನೊಬ್ಬಳಿಗೆ ಸಲೀಸಾಗಿ ದಾಟಿಸುತ್ತಾರೆ. ‘ಜಕ್ಕಿಯಬ್ಬೆಯಂಥ ಜೈನ ವೀರನಾರಿಯರು’ ಎಂಬ ಒಂದು ಸಾಲಿನಲ್ಲಿ ಮೂವರನ್ನೂ ಸೇರಿಸಿಬಿಟ್ಟರೆ ಕೆಲಸ ಹಗುರ. ಹಾಗೆ ಸೇರಿಸಿದಾಗ ಕಳೆದುಹೋಗುವುದೇನು? ಬಂದಣಿಕೆಯವಳು ರಾಜವಂಶದವಳಲ್ಲ; ಒಂದು ನಾಡಿನ ಗೌಡಿಕೆಯನ್ನು ಗಂಡನ ನಂತರ ವಹಿಸಿಕೊಂಡವಳು, ಅದನ್ನು ಮಗಳಿಗೆ ಕೊಟ್ಟವಳು. ಅಂದರೆ ಅಧಿಕಾರ ಹೆಣ್ಣಿನಿಂದ ಹೆಣ್ಣಿಗೆ ದಾಟಿದ ಪ್ರಕರಣ ಅದು. ಇಂಗಳಗಿಯವಳು ಚಕ್ರವರ್ತಿಯ ಹಲವು ರಾಣಿಯರಲ್ಲಿ ಒಬ್ಬಳು. ಆಕೆಯ ಆಳ್ವಿಕೆ ಒಂದು ಊರಿಗೆ ಸೀಮಿತ, ಆದರೆ ಅರಮನೆಯಲ್ಲಿ ತನ್ನ ಧರ್ಮವನ್ನು ಉಳಿಸಿಕೊಂಡವಳು. ಬೆಳಗೊಳದವಳಿಗೆ ಅಧಿಕಾರವೇ ಇಲ್ಲ. ಇರುವುದು ಹಣ, ಭಕ್ತಿ ಮತ್ತು ನೀರಿನ ಅಗತ್ಯದ ಅರಿವು. ಒಂದು ಹೆಸರಿನ ಕೆಳಗೆ ಮೂರು ಬಗೆಯ ಬದುಕು, ಮೂರು ಬಗೆಯ ಸಾಮರ್ಥ್ಯ. ಒಟ್ಟು ಸೇರಿಸಿದರೆ ಉಳಿಯುವುದು ‘ಧರ್ಮಪರಾಯಣೆ’ ಎಂಬ ಪೊಳ್ಳು ವಿಶೇಷಣವೊಂದೇ.

ಇಲ್ಲಿ ಶಾಸನ ಬಲ್ಲವರು ಒಂದು ಆಕ್ಷೇಪ ಎತ್ತುತ್ತಾರೆ, ಅದಕ್ಕೆ ತೂಕವಿದೆ. ಹೀಗೆ ಬೇರ್ಪಡಿಸುತ್ತಾ ಹೋದರೆ ಒಬ್ಬಳನ್ನೇ ಇಬ್ಬರನ್ನಾಗಿ ಮಾಡುವ ಅಪಾಯವಿಲ್ಲವೇ ಎಂಬುದು ಅದು. ಇದೆ. ಬೆಳಗೊಳದ ಹೆಣ್ಣೇ ಒಂದು ಕಡೆ ಜಕ್ಕಣಬ್ಬೆ, ಇನ್ನೊಂದು ಕಡೆ ಜಕ್ಕಿಮವ್ವೆ. ಕಂಡರಣೆಗಾರನ ಉಳಿ, ಬರೆದುಕೊಟ್ಟವನ ಛಂದಸ್ಸು, ಊರಿನ ಆಡುಮಾತು ಇವೆಲ್ಲ ಹೆಸರಿನ ಬಾಲವನ್ನು ಬದಲಿಸುತ್ತಿದ್ದವು. ಆದರೆ ಜಕ್ಕಣಬ್ಬೆಯೂ ಜಕ್ಕಿಮವ್ವೆಯೂ ಒಬ್ಬಳೇ ಎಂದು ನಾವು ಧೈರ್ಯವಾಗಿ ಹೇಳುವುದು ಯಾವ ಆಧಾರದಿಂದ? ಮಗನ ಹೆಸರು ಒಂದೇ, ಗುರುವಿನ ಹೆಸರು ಒಂದೇ, ಊರು ಒಂದೇ, ಕಾಲವೂ ಒಂದೇ ಎಂಬ ಆಧಾರದಿಂದ. ಹೆಸರಿನ ಸಾಮ್ಯ ಅಲ್ಲಿ ಸಾಲಿನ ಕೊನೆಗೆ ಬರುವ ಸಾಕ್ಷಿ. ಒಬ್ಬಳೆಂದು ಕೂಡಿಸುವುದಕ್ಕೂ ಇಬ್ಬರೆಂದು ಬಿಡಿಸುವುದಕ್ಕೂ ಬೇಕಾಗುವ ಸಾಮಗ್ರಿ ಒಂದೇ ಆದ್ದರಿಂದ ಈ ಆಕ್ಷೇಪ ನನ್ನ ವಾದವನ್ನು ಅಲುಗಿಸುವುದಿಲ್ಲ, ಬಿಗಿ ಮಾಡುತ್ತದೆ. ಇನ್ನು ಕಲ್ಲು ತಾನಿದ್ದ ಊರಿನಲ್ಲೇ ಇರುತ್ತದೆಂದು ಏನು ಖಾತ್ರಿ ಎಂದು ಕೇಳುವವರಿಗೆ ಸನ್ನತಿಯೇ ಉದಾಹರಣೆಯಾಗಿ ಸಿಗುತ್ತದೆ. ಅಶೋಕನ ಧರ್ಮಶಾಸನ ಕೆತ್ತಿದ ಚಪ್ಪಡಿಗೆ ತೂತು ಕೊರೆದು ಅದನ್ನು ಕಾಳಿಯ ವಿಗ್ರಹಕ್ಕೆ ಪೀಠ ಮಾಡಿದ್ದರು. ಶತಮಾನಗಳ ಕಾಲ ದೇವಿಯ ಕಾಲಡಿ ಮೌರ್ಯರ ಅಕ್ಷರಗಳು ಬಿದ್ದಿದ್ದವು. ಕಲ್ಲು ಓಡಾಡುತ್ತದೆ ಎಂಬುದು ಸರಿಯೇ. ಆದರೆ ಇಂಗಳಗಿಯ ಶಾಸನದಂಥವು ಊರಿನ ಹೆಸರನ್ನು ತಮ್ಮ ಮೈಮೇಲೆಯೇ ಹೊತ್ತಿವೆ. ನಾನು ಊರು ಎಂದಾಗ ಕಲ್ಲು ನೆಟ್ಟ ಜಾಗ ಎಂದಲ್ಲ, ಕಲ್ಲು ಹೇಳುವ ಊರು ಎಂದರ್ಥ.

ಮಳಖೇಡದ ಅರಮನೆಯಲ್ಲಿ ಇದೇ ತೊಡಕು ಇನ್ನೊಂದು ರೂಪದಲ್ಲಿ ಇದೆ. ರಾಷ್ಟ್ರಕೂಟರ ಚರಿತ್ರೆ ಬರೆದ ಅಲ್ತೇಕರ್ ಅವರು ನೃಪತುಂಗನ ಮಗಳು ರೇವಕನಿಮ್ಮಡಿಯನ್ನು, ಎರೆಗಂಗನ ಹೆಂಡತಿಯಾಗಿ 837ರಲ್ಲಿ ಎಡೆದೊರೆ ನಾಡನ್ನು, ಎಂದರೆ ಕೃಷ್ಣೆ ತುಂಗಭದ್ರೆಗಳ ನಡುವಿನ ಸೀಮೆಯನ್ನು, ಆಳಿದವಳೆಂದು ಗುರುತಿಸಿದ್ದಾರೆ. ಸುಮಾರು ನೂರು ವರ್ಷದ ಮೇಲೆ ಅದೇ ಮನೆತನದಲ್ಲಿ ಮತ್ತೊಬ್ಬ ರೇವಕನಿಮ್ಮಡಿ: ಮೂರನೆಯ ಅಮೋಘವರ್ಷ ಬದ್ದೆಗನ ಮಗಳು, ಮೂರನೆಯ ಕೃಷ್ಣನ ಅಕ್ಕ, ಗಂಗರ ಇಮ್ಮಡಿ ಬೂತುಗನ ಮಡದಿ. ಪುಲಿಗೆರೆ ಮುನ್ನೂರು, ಬೆಳ್ವೊಲ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಆಕೆಯ ಮದುವೆಯ ಬಳುವಳಿಯಾಗಿ ಗಂಗರ ಕೈಗೆ ಹೋದವು. ತಂದೆಯರ ಹೆಸರೂ ಅಮೋಘವರ್ಷ, ಗಂಡಂದಿರು ಇಬ್ಬರೂ ಗಂಗರು. ಅವಸರದ ಓದಿನಲ್ಲಿ ಇವರು ಒಂದಾಗುವುದಕ್ಕೆ ಇನ್ನೇನು ಬೇಕು? ಒಂದಾದರೆ ಒಬ್ಬಳು ನಾಡನ್ನು ಆಳಿದವಳೆಂಬುದೂ ಇನ್ನೊಬ್ಬಳು ನಾಡುಗಳನ್ನು ಬಳುವಳಿಯಾಗಿ ಒಯ್ದವಳೆಂಬುದೂ ಕಲಸಿಹೋಗುತ್ತವೆ. ಎರಡು ರಾಜಮನೆತನಗಳ ಸಂಬಂಧದಲ್ಲಿ ಇವೆರಡೂ ತೀರ ಬೇರೆ ಘಟ್ಟಗಳು: ಮೊದಲನೆಯದು ಗಂಗರನ್ನು ಹತ್ತಿರ ತಂದುಕೊಳ್ಳುತ್ತಿದ್ದ ಕಾಲ, ಎರಡನೆಯದು ಗಂಗರ ತೋಳಿಲ್ಲದೆ ಚೋಳರನ್ನು ಎದುರಿಸಲಾಗದ ಕಾಲ. 949ರಲ್ಲಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದವನು ಈ ಎರಡನೆಯವಳ ಗಂಡನೇ. ಚಾಳುಕ್ಯರ ಮೈಲಲದೇವಿಯರ ಗತಿಯೂ ಇದೇ. 1053ರಲ್ಲಿ ಬನವಾಸಿ ಹನ್ನೆರಡು ಸಾಸಿರವನ್ನು ನೋಡಿಕೊಳ್ಳುತ್ತಿದ್ದವಳು ಮೊದಲನೆಯ ಸೋಮೇಶ್ವರನ ರಾಣಿ. ಗೋವೆಯ ಕದಂಬ ಇಮ್ಮಡಿ ಜಯಕೇಶಿಯನ್ನು ಮದುವೆಯಾದ ಮೈಲಲದೇವಿ ಸೋಮೇಶ್ವರನ ಮೊಮ್ಮಗಳು, ವಿಕ್ರಮಾದಿತ್ಯನ ಮಗಳು.

ಎಲ್ಲಕ್ಕಿಂತ ಹೆಚ್ಚು ಕಲಿಸುವ ಹೆಸರು ಕೇತಲದೇವಿಯದು. ಮೊದಲನೆಯ ಸೋಮೇಶ್ವರನ ರಾಣಿ ಕೇತಲದೇವಿ 1054ರಲ್ಲಿ ಪೊನ್ನವಾಡ ಅಗ್ರಹಾರವನ್ನು, ಇಂದಿನ ವಿಜಯಪುರ ಜಿಲ್ಲೆಯ ಹೊನವಾಡವನ್ನು, ಆಳುತ್ತಿದ್ದಳು. ಆಕೆಯ ಅಧಿಕಾರಿ ಚಾಂಕಿರಾಜ ಕಟ್ಟಿಸಿದ ತ್ರಿಭುವನತಿಲಕ ಬಸದಿಯ ವಿವರ ಅಲ್ಲಿನ ಶಾಸನದಲ್ಲಿದೆ. ಸೋಮೇಶ್ವರನ ಮಗ ವಿಕ್ರಮಾದಿತ್ಯನಿಗೂ ಕೇತಲದೇವಿ ಎಂಬ ರಾಣಿ ಇದ್ದಳು. ಅತ್ತೆ ಸೊಸೆಯರ ಹೆಸರು ಒಂದೇ. ಹೊಯ್ಸಳ ಇಮ್ಮಡಿ ಬಲ್ಲಾಳನ ರಾಣಿಯ ಹೆಸರೂ ಕೇತಲದೇವಿ. 1219ರಲ್ಲಿ ಹಳೇಬೀಡಿನ ಕೇದಾರೇಶ್ವರ ದೇವಾಲಯ ಎದ್ದದ್ದು ಅರಸನ ಜೊತೆ ಅವಳ ಹೆಸರಿನಲ್ಲಿ. ಈ ಹೊಯ್ಸಳ ರಾಣಿಯನ್ನು ಶಾಸನ ಅಭಿನವ ಕೇತಲದೇವಿ ಎನ್ನುತ್ತದೆ. ಆ ‘ಅಭಿನವ’ವನ್ನು ನಾವು ಬರೀ ಬಿರುದೆಂದು ಓದಿ ಮುಂದೆ ಹೋಗುತ್ತೇವೆ. ಆದರೆ ಕಿರಿಯ, ಅಭಿನವ ಎಂಬ ಪದಗಳು ಬೀಳುವ ಜಾಗಗಳನ್ನು ನೋಡಿದರೆ, ಒಂದೇ ಹೆಸರಿನವರು ಹಲವರು ಇದ್ದಾರೆಂಬ ತಿಳಿವಳಿಕೆ ಆ ಕಾಲದವರಿಗೂ ಇತ್ತು, ಅದಕ್ಕೊಂದು ಉಪಾಯವನ್ನೂ ಅವರು ಮಾಡಿಕೊಂಡಿದ್ದರು ಎನ್ನುವುದು ಗೊತ್ತಾಗುತ್ತದೆ. ಕಲಬುರಗಿ ಸೀಮೆಯ ಒಂದೊಂದು ಓಣಿಯಲ್ಲಿ ಈಗಲೂ ನಾಲ್ಕು ಜನ ಶರಣಮ್ಮ, ಮೂರು ಜನ ಮಹಾದೇವಿ ಇರುತ್ತಾರೆ. ಕೆಳಗಿನ ಮನಿ ಶರಣಮ್ಮ, ಗೌಡರ ಶರಣಮ್ಮ, ಸಾಲಿ ಶರಣಮ್ಮ ಎಂದು ಜನ ಎಷ್ಟು ಸುಲಭವಾಗಿ ಬಿಡಿಸಿಕೊಳ್ಳುತ್ತಾರೋ ಶಾಸನದ ಕವಿಗಳೂ ಅಷ್ಟೇ ಸುಲಭವಾಗಿ ಬಿಡಿಸಿದ್ದಾರೆ. ಗೊಂದಲ ಮಾಡಿಕೊಂಡವರು ಆ ಮುಂದಿನ ಪದಗಳನ್ನು ಅಲಂಕಾರವೆಂದು ಕಿತ್ತು ಬಿಸಾಕಿದ ನಾವು.

ನಾಲ್ಕನೆಯ ಕೇತಲದೇವಿ ಅರಮನೆಯವಳಲ್ಲ. ಕುಂಬಾರ ಗುಂಡಯ್ಯನ ಪುಣ್ಯಸ್ತ್ರೀ ಆಕೆ, ಭಲ್ಲುಂಕೆಯವಳು. ಅದನ್ನು ಬೀದರ್ ಜಿಲ್ಲೆಯ ಭಾಲ್ಕಿ ಎಂದು ಗುರುತಿಸುತ್ತಾರೆ. ಆಕೆಯ ವಚನಗಳ ಅಂಕಿತ ಕುಂಭೇಶ್ವರ. ಪೊನ್ನವಾಡವನ್ನು ಆಳಿದವಳಿಗೂ ಮಣ್ಣು ಹದ ಮಾಡುವ ಮನೆಯವಳಿಗೂ ಒಂದೇ ಹೆಸರು, ಅದೂ ಕೊನೆಗೆ ‘ದೇವಿ’ ಸಮೇತ. ‘ದೇವಿ’ ಎಂದು ಬಂದರೆ ದೊಡ್ಡ ಮನೆಯವಳು, ‘ಅವ್ವೆ’ ಎಂದರೆ ಕೆಳಗಿನವಳು ಎಂದು ಯಾರಾದರೂ ಊಹಿಸಬಹುದು. ಅದಕ್ಕೆ ಭಾಲ್ಕಿಯ ಕುಂಬಾರಗಿತ್ತಿ ಒಬ್ಬಳೇ ಸಾಕಷ್ಟು ಉತ್ತರ. ಆಕ್ಷೇಪಿಸುವವರು ಹೇಳಬಹುದು: ಶರಣರು ತಮ್ಮವಳಿಗೆ ಭಕ್ತಿಯಿಂದ ‘ದೇವಿ’ ಸೇರಿಸಿದ್ದಾರೆ, ಮೂಲದಲ್ಲಿ ಆಕೆ ಬರೀ ಕೇತಿಯೋ ಕೇತವ್ವೆಯೋ ಇದ್ದಿರಬೇಕು. ಹಾಗೇ ಇರಲಿ. ರಾಣಿಯ ಹೆಸರಿಗೂ ‘ದೇವಿ’ ಸೇರಿಸಿದವರು ಆಸ್ಥಾನದವರೇ ಅಲ್ಲವೇ? ಎರಡೂ ಕಡೆ ಗೌರವದ ಬಾಲವನ್ನು ಕಳಚಿದರೆ ಉಳಿಯುವ ಹೆಸರು ಮತ್ತೆ ಒಂದೇ. ಹನ್ನೊಂದು, ಹನ್ನೆರಡನೆಯ ಶತಮಾನದ ಈ ಸೀಮೆಯಲ್ಲಿ ಹೆಣ್ಣುಮಗುವಿಗೆ ಹೆಸರಿಡುವಾಗ ಅರಮನೆಯೂ ಕುಂಬಾರರ ಓಣಿಯೂ ಒಂದೇ ಚೀಲಕ್ಕೆ ಕೈ ಹಾಕುತ್ತಿದ್ದವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗಲಾರದು. ಸಮಾಜದ ಚರಿತ್ರೆ ಬರೆಯುವವರಿಗೆ ಸಮಾನ ನಾಮ ಬರೀ ಅಡ್ಡಿಯಲ್ಲ, ಮಾಹಿತಿಯೂ ಹೌದು. ಆದರೆ ಆ ಮಾಹಿತಿ ಸಿಗಬೇಕಾದರೆ ನಾಲ್ವರನ್ನೂ ಮೊದಲು ನಾಲ್ವರನ್ನಾಗಿಯೇ ನಿಲ್ಲಿಸಬೇಕು.

ವಚನಕಾರ್ತಿಯರಲ್ಲಿ ಈ ಸಮಸ್ಯೆ ದಟ್ಟವಾಗಿದೆ, ಅಲ್ಲಿ ಅದನ್ನು ಬಿಡಿಸಿದ ರೀತಿಯೂ ಸ್ಪಷ್ಟವಾಗಿದೆ. ಕಾಳವ್ವೆ ಎಂಬ ಹೆಸರಿನವರು ಒಬ್ಬಿಬ್ಬರಲ್ಲ. ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ ಕಾಳವ್ವೆ, ಬಾಚಿ ಕಾಯಕದ ಬಸವಯ್ಯನ ಪುಣ್ಯಸ್ತ್ರೀ ಕಾಳವ್ವೆ, ಸಿದ್ಧಬುದ್ಧಯ್ಯನ ಪುಣ್ಯಸ್ತ್ರೀ ಕಾಳವ್ವೆ, ಕದಿರ ಕಾಯಕದ ಕಾಳವ್ವೆ. ಅಂಕಿತಗಳು ಕ್ರಮವಾಗಿ ಉರಿಲಿಂಗಪೆದ್ದಿಗಳರಸ, ಕರ್ಮಹರ ಕಾಳೇಶ್ವರ, ಭೀಮೇಶ್ವರ, ಗುಮ್ಮೇಶ್ವರ. ಬಾಚಿ ಬಡಗಿಯ ಉಪಕರಣ, ಕದಿರು ನೂಲುವವಳದು. ಉರಿಲಿಂಗಪೆದ್ದಿ ಅಸ್ಪೃಶ್ಯ ಹಿನ್ನೆಲೆಯಿಂದ ಬಂದು ಮಠದ ಪೀಠವೇರಿದವನೆಂದು ಪರಂಪರೆ ಹೇಳುತ್ತದೆ. ಬೇರೆ ಬೇರೆ ದುಡಿಮೆಯ ಮನೆಗಳಿಗೆ ಸೇರಿದ ಇವರನ್ನು ಅಂಕಿತ ತೆಗೆದಿಟ್ಟು ಓದಿದರೆ ‘ಕಾಳವ್ವೆಯ ವಚನಗಳು’ ಎಂಬ ಒಂದು ತೆಳ್ಳನೆಯ ಗುಚ್ಛ ಕೈಗೆ ಬರುತ್ತದೆ. ಅದರಲ್ಲಿ ಜಾತಿಯ ಪ್ರಶ್ನೆ ಯಾರದು, ವ್ರತದ ನಿಷ್ಠುರ ಯಾರದು ಎಂಬುದು ತಿಳಿಯುವುದಿಲ್ಲ. ಹಾಗೆಂದು ಅಂಕಿತವೂ ಎಲ್ಲ ಕಡೆ ಕಾಯುವುದಿಲ್ಲ. ಅಮುಗೆ ರಾಯಮ್ಮನ ಅಂಕಿತ ಅಮುಗೇಶ್ವರ. ರಾಯಸದ ಮಂಚಣ್ಣನ ಪುಣ್ಯಸ್ತ್ರೀ ರಾಯಮ್ಮನದು ಅಮುಗೇಶ್ವರಲಿಂಗ. ಹೆಸರೂ ಒಂದೇ, ಅಂಕಿತವೂ ಒಂದೇ ಎನ್ನುವಷ್ಟು ಹತ್ತಿರ. ಅಲ್ಲಿ ಬಿಡಿಸುವುದು ಕಾಯಕ ಮಾತ್ರ: ಒಬ್ಬಳು ನೇಕಾರಿಕೆಯ ಮನೆಯವಳು, ಇನ್ನೊಬ್ಬಳು ಓಲೆ ಬರೆಯುವ ರಾಯಸದವನ ಮನೆಯವಳು. ನೂರಕ್ಕೂ ಮೀರಿ ವಚನ ಬರೆದ ಮೊದಲನೆಯವಳ ಪಕ್ಕದಲ್ಲಿ ಎರಡನೆಯವಳು ಉಳಿದದ್ದೇ ‘ರಾಯಸದ ಮಂಚಣ್ಣನ ಪುಣ್ಯಸ್ತ್ರೀ’ ಎಂಬ ಶೀರ್ಷಿಕೆಯ ದೆಸೆಯಿಂದ. ಮಹಾದೇವಿಯರ ವಿಷಯದಲ್ಲಿ ಆ ಅದೃಷ್ಟವೂ ಅಷ್ಟಕ್ಕಷ್ಟೇ. ಮೋಳಿಗೆ ಮಾರಯ್ಯನ ಮಹಾದೇವಿ ಗಂಡನ ಐಕ್ಯದ ಹಂಬಲವನ್ನೇ ಪ್ರಶ್ನಿಸುವಷ್ಟು ಗಟ್ಟಿ ತಾತ್ವಿಕಳು. ಆಕೆಯ ಅಂಕಿತದಲ್ಲೂ ಮಲ್ಲಿಕಾರ್ಜುನ ಇದ್ದಾನೆ. ಓದುಗನ ಮನಸ್ಸು ಅಷ್ಟಕ್ಕೇ ಉಡುತಡಿಯ ಅಕ್ಕಮಹಾದೇವಿಯತ್ತ ಹೊರಟುಬಿಡುತ್ತದೆ. ಅಕ್ಕನ ಕೀರ್ತಿಗೆ ಇದರಿಂದ ಕೂಡುವುದೇನೂ ಇಲ್ಲ, ಮೋಳಿಗೆಯವಳಿಗೆ ಕಳೆಯುವುದು ಬಹಳ.

ಇನ್ನೊಂದು ಆಕ್ಷೇಪವಿದೆ, ಅದು ಇತ್ತೀಚಿನದು, ಅದನ್ನು ಎತ್ತುವವರ ಕಾಳಜಿ ನನ್ನ ಕಾಳಜಿಗೆ ಹತ್ತಿರದ್ದೇ. ಇಂಥವನ ಪುಣ್ಯಸ್ತ್ರೀ ಇಂಥವಳು ಎಂದು ಗಂಡನ ಹೆಸರಿನಿಂದ ಗುರುತಿಸುವುದೇ ಹೆಣ್ಣನ್ನು ಅಳಿಸುವ ಕ್ರಮ; ಅದನ್ನು ಕಿತ್ತುಹಾಕಿ ಬರೀ ಕಾಳವ್ವೆ, ಬರೀ ಕೇತಲದೇವಿ, ಬರೀ ರಾಯಮ್ಮ ಎನ್ನೋಣ ಎಂಬುದು ಅವರ ಮಾತು. ಆಶಯ ಒಪ್ಪತಕ್ಕದ್ದೇ. ಪರಿಣಾಮ ಮಾತ್ರ ಉಲ್ಟಾ. ಗಂಡನ ಹೆಸರನ್ನು ಕಿತ್ತ ಮರುಗಳಿಗೆ ಸಿದ್ಧಬುದ್ಧಯ್ಯನ ಕಾಳವ್ವೆ ಉರಿಲಿಂಗಪೆದ್ದಿಯ ಕಾಳವ್ವೆಯೊಳಗೆ ಸೇರಿಹೋಗುತ್ತಾಳೆ. ಗಂಡಸಿನ ನೆರಳಿನಿಂದ ಬಿಡಿಸಲು ಹೋಗಿ ಹೆಸರುವಾಸಿಯಾದ ಇನ್ನೊಬ್ಬ ಹೆಂಗಸಿನ ನೆರಳಿಗೆ ತಳ್ಳಿದಂತಾಗುತ್ತದೆ. ಗಂಡನ ಹೆಸರು ಬೇಡವಾದರೆ ಅದರ ಜಾಗದಲ್ಲಿ ಆಕೆಯದೇ ಆದ ಬೇರೆ ಗುರುತು ಇಡಬೇಕು: ಕುಂಭೇಶ್ವರ ಅಂಕಿತದ ಕೇತಲದೇವಿ, ಪೊನ್ನವಾಡದ ಕೇತಲದೇವಿ, ಇಂಗುಣಿಗೆಯ ಜಕ್ಕಲದೇವಿ, ಎಡೆದೊರೆಯ ರೇವಕನಿಮ್ಮಡಿ. ರಾಣಿಯರ ಆಳ್ವಿಕೆ ಹೆಸರಿಗೆ ಮಾತ್ರ, ನಡೆಸುತ್ತಿದ್ದವರು ಅಧಿಕಾರಿಗಳು, ಹಾಗಿರುವಾಗ ಊರನ್ನು ಅವರ ಗುರುತಾಗಿ ಮಾಡುವುದು ಉತ್ಪ್ರೇಕ್ಷೆಯಲ್ಲವೇ ಎಂದರೆ, ಅರಸರ ಆಳ್ವಿಕೆಯಲ್ಲೂ ನಡೆಸುತ್ತಿದ್ದವರು ಅಧಿಕಾರಿಗಳೇ ಎಂಬ ಉತ್ತರ ಸಾಕು. ಮೂರ್ತಿಯನ್ನು ನಿನ್ನ ಊರಿನಲ್ಲೇ ನಿಲ್ಲಿಸು ಎಂದು ಚಕ್ರವರ್ತಿ ಹೇಳಿದ್ದನ್ನು ಶಾಸನ ದಾಖಲಿಸುವಾಗ, ಊರು ಯಾರದು ಎಂಬುದರಲ್ಲಿ ಅದನ್ನು ಬರೆದವನಿಗೆ ಅನುಮಾನವಿರಲಿಲ್ಲ.

ಈ ಕ್ರಮವನ್ನು ಒಪ್ಪಿದರೆ ಚಂದ್ರಂಪಳ್ಳಿಯನ್ನು ಚಂದಲದೇವಿಗೆ ಕಟ್ಟುವ ಆಸೆಯನ್ನು ಸದ್ಯಕ್ಕೆ ಬದಿಗಿಡಬೇಕಾಗುತ್ತದೆ. ಆಕೆಯನ್ನೂ ಆ ಊರನ್ನೂ ಒಟ್ಟಿಗೆ ಹೇಳುವ ಕಲ್ಲು ಬೇಕು. ಅಲ್ಲಿಯವರೆಗೆ ಎರಡು ಶಬ್ದಗಳ ಸದ್ದು ಒಂದೇ ಎಂಬುದನ್ನು ಬಿಟ್ಟು ಬೇರೇನೂ ಹೇಳಲು ಬರುವುದಿಲ್ಲ. ಸ್ಥಳಾಭಿಮಾನಕ್ಕೆ ಇದು ಕಹಿ ಎನಿಸಬಹುದು, ಆದರೆ ಇದೇ ಸೀಮೆಯಲ್ಲಿ ಇಂಗಳಗಿಯವರಿಗೆ ಕಲ್ಲಿನ ಆಧಾರವಿರುವ ಒಬ್ಬ ರಾಣಿ ಇದ್ದೂ ಆಕೆಯನ್ನು ನೆನೆಯುವವರು ಕಡಿಮೆ ಎಂಬುದು ನನಗೆ ಹೆಚ್ಚು ಕಹಿ. ಇದೇ ಅಳತೆಗೋಲನ್ನು ತಿರುಗಿಸಿಯೂ ಹಿಡಿಯಬಹುದು. ಕದಿರ ಕಾಯಕದ ಕಾಳವ್ವೆಯ ಪಕ್ಕದಲ್ಲಿ ಕದಿರ ರೆಮ್ಮವ್ವೆ ಇದ್ದಾಳೆ. ಇಬ್ಬರೂ ನೂಲುವವರು, ಇಬ್ಬರ ಇಷ್ಟದೈವವೂ ಗುಮ್ಮೇಶ್ವರ, ಹೆಸರು ಮಾತ್ರ ಬೇರೆ. ಹೆಸರೇ ಮುಖ್ಯವಲ್ಲ ಎಂದಮೇಲೆ ಇವರಿಬ್ಬರನ್ನು ಒಬ್ಬಳೇ ಎನ್ನಬೇಕಲ್ಲ ಎಂದು ಯಾರಾದರೂ ಕೊಕ್ಕೆ ಹಾಕಿದರೆ, ಅಂಕಿತವನ್ನು ಪೂರ್ತಿ ಓದಲು ಹೇಳಬೇಕು. ಕಾಳವ್ವೆಯದು ಗುಮ್ಮೇಶ್ವರ ಅಷ್ಟೇ. ರಾಟೆಯ ಒಂದೊಂದು ಭಾಗವನ್ನೂ ತತ್ವಕ್ಕೆ ಹೊಂದಿಸಿ ಹಾಡಿದ ರೆಮ್ಮವ್ವೆ ತನ್ನ ದೇವರನ್ನು ‘ಕದಿರ ರೆಮ್ಮಿಯೊಡೆಯ ಗುಮ್ಮೇಶ್ವರ’ ಎಂದು ಕರೆದಳು; ಕಸುಬನ್ನೂ ಹೆಸರನ್ನೂ ತಾನೇ ಅಂಕಿತದೊಳಗೆ ಸೇರಿಸಿ, ಮುಂದೆ ಯಾವ ಸಂಪಾದಕನಿಗೂ ತನ್ನನ್ನು ಇನ್ನೊಬ್ಬಳ ಲೆಕ್ಕಕ್ಕೆ ಬರೆಯಲು ಆಗದಂತೆ ಮಾಡಿಟ್ಟಳು.